ಜವಾಬು ಕೊಡದ ಸಾಲು

ಗೇರು ಬದಲಿಸುವ ಹೊತ್ತಿಗೆ ಲಲ್ಲಾ ತಾಹ್ರಾ ಕಣ್ಣು ಮುಚ್ಚಿಕೊಳ್ಳುತ್ತಾರೆ ಎಂಬುದನ್ನು ಬುಶ್ತಾ ಮೊದಮೊದಲ ಪಾಠಗಳಲ್ಲೇ ಕಂಡುಕೊಂಡಿದ್ದ, ಹೇಳಿರಲಿಲ್ಲ. ಹೇಳಿದರೆ ಆಕೆ ಇಡೀ ಹಾದಿ ಕಣ್ಣು ಮುಚ್ಚಿಯಾರೆಂಬ ಭಯ. ಪಕ್ಕದ ಸೀಟಿನಲ್ಲಿ ಕೂತ ಅವನ ಬಲಗಾಲು, ಕಲಿಸುವವನಿಗೆಂದೇ ಹಾಕಿಸಿದ ಎರಡನೆಯ ಬ್ರೇಕಿನ ಮೇಲೆ, ಇಲಿಬಿಲದ ಮುಂದೆ ಬೆಕ್ಕು ಕೂತ ಹಾಗೆ ಕೂತಿರುತ್ತಿತ್ತು. ಕಾರಿನ ನೆತ್ತಿಯ ಮೇಲೆ ಡ್ರೈವಿಂಗ್ ಶಾಲೆಯ ಹಳದಿ ಫಲಕ. ಕಾಸಾಬ್ಲಾಂಕಾದ ಕೆಂಪು ಟ್ಯಾಕ್ಸಿಯವರು ಆ ಫಲಕ ಕಂಡರೆ ಸಾಕು ಹಾರನ್ನು ಒತ್ತುವರು, ಅಗತ್ಯಕ್ಕಲ್ಲ, ಬೆಳಗಿನ ಒಂದು ಸುಖಕ್ಕೆ. ಇಷ್ಟು ವರ್ಷ ಈ ಬೀದಿಗಳಲ್ಲಿ ಹೀಗೆ ಬೈಸಿಕೊಳ್ಳುತ್ತ ಕೂತವನು, ಬೈಗುಳದಲ್ಲಿ ಓಡಿಸುವವರ ಪಾಲೆಷ್ಟು ತನ್ನ ಪಾಲೆಷ್ಟು ಎಂದು ಬೇರ್ಪಡಿಸುವುದನ್ನು ಎಂದೋ ಬಿಟ್ಟಿದ್ದ.

"ಮಾಸ್ತರೆ, ಇವತ್ತು ಸ್ವಲ್ಪ ಬೇಗ ಬಿಟ್ಬಿಡಿ," ಎಂದರು ಲಲ್ಲಾ ತಾಹ್ರಾ. ಗಂಡ ಸತ್ತ ಮೇಲೆ ಅವನ ಕಾರು ಓಣಿಯಲ್ಲಿ ಧೂಳು ತಿನ್ನುವುದನ್ನು ನೋಡಲಾರದೆ ಈ ವಯಸ್ಸಿಗೆ ಕಲಿಯಲು ಬಂದವರು. "ಸಂಜೆ ಹಾಡಿಗೆ ಹೋಗ್ಬೇಕು. ಸೊಸೆ ಟಿಕೆಟ್ ತಂದಿದಾಳೆ."

"ರಸ್ತೆ ನೋಡಿ, ಲಲ್ಲಾ. ಯಾರ ಹಾಡು?"

"ಅವನೇ, ಆ ಹುಡುಗ. ಗಡ್ಡ ಬೆಳ್ಳಗಾಗಿದೆಯಲ್ಲ, ಅನ್ವರ್. ಮೊದ್ಲು ಏನು ಕಿರಚ್ತಿದ್ದ, ಅಯ್ಯೋ, ಅಟ್ಟದಿಂದ ಪಾತ್ರೆ ಉರುಳಿದ ಹಾಗೆ. ನಮ್ಮೆಜಮಾನ್ರು ರೇಡಿಯೋನೇ ಆರಿಸ್ತಿದ್ರು. ಈಗ ನೋಡಿ, ಎಷ್ಟು ಚೆನ್ನಾಗಿ ಮಾತು ತಿಳಿಯೋ ಹಾಗೆ ಹಾಡ್ತಾನೆ! ಅಡುಗೆಮನೇಲಿ ಹಾಕ್ಕೊಂಡ್ರೆ ಟೊಮೇಟೊ ಹೆಚ್ಚಿದ್ದೇ ಗೊತ್ತಾಗಲ್ಲ."

ಬುಶ್ತಾ ಬ್ರೇಕು ಒತ್ತಿದ. ಎದುರಿಗೆ ಏನೂ ಇರಲಿಲ್ಲ. ಹಿಂದಿನ ಟ್ಯಾಕ್ಸಿಯವನು ಬುಶ್ತಾನ ತಾಯಿಯನ್ನು ನೆನೆದು ಬೈದ.

"ಯಾಕೆ? ಏನು ಬಂತು?"

"ಬೆಕ್ಕು," ಎಂದ.

ಟೊಮೇಟೊ! ಯಾರ ರಾಕ್ ಹಾಡು ಕೇಳಿ ಮಸೀದಿಯ ಮುದುಕರೂ ಕಾಲೇಜಿನ ಪ್ರೊಫೆಸರುಗಳೂ ಜೀವನದಲ್ಲಿ ಒಮ್ಮೆಯಾದರೂ ಒಂದೇ ಅಭಿಪ್ರಾಯಕ್ಕೆ ಬಂದಿದ್ದರೋ ಆ ಅನ್ವರ್ ಈಗ ಟೊಮೇಟೊ ಹೆಚ್ಚಲು ಒದಗುತ್ತಾನೆ. ವಿದ್ಯುತ್ ಗಿಟಾರುಗಳನ್ನು ಮೂಲೆಗೆ ಒರಗಿಸಿ, ಡೋಲಿನವನಿಗೆ ಸಲಾಂ ಹೇಳಿ, ಎತ್ತರದ ಮುಕ್ಕಾಲಿಯ ಮೇಲೆ ಕೂತು, ಬರಿಯ ಮರದ ಗಿಟಾರನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹಾಡುತ್ತಾನಂತೆ. ಪಕ್ಕದಲ್ಲಿ ಒಂದು ಲೋಟ ನೀರು. ಕೇಳುವವರಿಗೆ ಕುರ್ಚಿ, ಕುರ್ಚಿಗೆ ನಂಬರು. ಅನ್ವರ್‌ನ ಹಾಡಿಗೆ ಕುರ್ಚಿ! ಎಡಕ್ಕೆ ತಿರುಗಿಸಿ ಎಂದ ಬುಶ್ತಾ. ಎಡಕ್ಕೆ ಹಳೆಯ ಕಸಾಯಿಖಾನೆಯ ಗೋಡೆ. ಹಿಂದೆ ಅನ್ವರ್ ಹಾಡುತ್ತಿದ್ದ ಕಾಲಕ್ಕೆ ಅದರ ಅಂಗಳದಲ್ಲಿ, ದನ ನೇತುಹಾಕುವ ಕೊಕ್ಕೆಗಳ ಕೆಳಗೆ, ಇನ್ನೂ ಮೀಸೆ ದಪ್ಪವಾಗದ ಬುಶ್ತಾ ಬೆವರಿನ ಜನದ ನಡುವೆ ಎರಡೂ ಕಾಲು ನೆಲಕ್ಕೆ ತಾಗದೆ ನಿಂತಿದ್ದ. ನಿಂತಿದ್ದನೆನ್ನುವುದಕ್ಕಿಂತ ಹಿಡಿದು ನಿಲ್ಲಿಸಲ್ಪಟ್ಟಿದ್ದ. ಸ್ಪೀಕರುಗಳ ಸದ್ದು ಕಿವಿಗಲ್ಲ, ಪಕ್ಕೆಲುಬಿಗೆ ಬಡಿಯುತ್ತಿತ್ತು. 'ಉಪ್ಪಿನ ಬೀದಿ'ಯ ಮೂರನೆಯ ಚರಣ ಮುಗಿದೊಡನೆ ಗಿಟಾರು ಡೋಲು ಎಲ್ಲ ಕತ್ತು ಕುಯ್ದ ಹಾಗೆ ನಿಲ್ಲುವುದು. ಅನ್ವರ್ ಮೈಕನ್ನು ಜನದ ಕಡೆಗೆ ಚಾಚಿ ಕೇಳುವನು: "ಈ ಬಾಗಿಲು ಯಾರದೋ?" ಅಂಗಳವೆಲ್ಲ ಒಂದು ಗಂಟಲಾಗಿ: "ತಟ್ಟಿದವರದೋ!" ಆಮೇಲೆ ಮತ್ತೆ ಗಿಟಾರುಗಳ ಮಳೆ. ಇದಕ್ಕೆ ಜವಾಬು ಎಂದು ಹೆಸರು. ಪ್ರತಿ ಊರಿನಲ್ಲಿ, ಪ್ರತಿ ಸಲ. ಜವಾಬು ಬಾರದೆ ಅನ್ವರ್ ನಾಲ್ಕನೆಯ ಚರಣಕ್ಕೆ ಕಾಲಿಟ್ಟವನೇ ಅಲ್ಲ. ಆ ಒಂದು ಉಸಿರಿನ ಹೊತ್ತು ಅನ್ವರ್ ಬೇಡುವವನು, ಇವರು ಕೊಡುವವರು. ವಾರವೆಲ್ಲ ಹಾರನ್ನು ತಿಂದು ಬದುಕುವ ಮನುಷ್ಯನಿಗೆ ವರ್ಷಕ್ಕೊಮ್ಮೆ ಕೊಡುವವನಾಗುವುದು ಸಣ್ಣ ಮಾತೇ?

"ಇಲ್ಲಿ ನಿಲ್ಲಿಸ್ಲಾ, ಮಾಸ್ತರೆ?"

"ನಿಲ್ಲಿಸಿದೀರಿ, ಲಲ್ಲಾ," ಎಂದ. ಕಾರು ರಸ್ತೆಯ ನಟ್ಟನಡುವೆ ನಿಂತಿತ್ತು.

ಆಕೆಯನ್ನು ಮನೆಯ ಹತ್ತಿರ ಇಳಿಸಿ, ಸಮಾಧಿಗಳ ಗೋಡೆಯ ನೆರಳಿಗೆ ಕಾರು ಒತ್ತಿ ನಿಲ್ಲಿಸಿದ. ಇಲ್ಲಿಯೇ, ಈ ನೆರಳಿನಲ್ಲಿಯೇ, ಹೊಸ ಆಲ್ಬಮ್ ಬಂದಾಗ ಗಾಜು ಏರಿಸಿಕೊಂಡು ಅದನ್ನು ಕೇಳಿದ್ದ. ಬೈಯಲೆಂದೇ ಕೇಳಿದ್ದು, ಬೈಯುವವನಿಗೆ ತಿಳಿವಳಿಕೆ ಬೇಕಲ್ಲ. ಎರಡನೆಯ ಹಾಡಿನಲ್ಲಿ ಅನ್ವರ್‌ನ ದನಿ ಮೇಲಿನ ಸ್ವರಕ್ಕೆ ಏರಲು ಹೋಗಿ ಏರಲಾಗದೆ, ಮೆಟ್ಟಿಲಲ್ಲಿ ಕೂತು ಸುಧಾರಿಸಿಕೊಳ್ಳುವ ಮುದುಕನ ಹಾಗೆ ಅಲ್ಲಿಯೇ ಒಂದಿಷ್ಟು ಕೂತಿತು. ಬುಶ್ತಾನ ಮೂಗು ಕಟ್ಟಿತು. ಮುಂದಿನ ಪಾಠದವನು ಬಂದು ಗಾಜು ತಟ್ಟಿದಾಗ ಧೂಳಿನ ಅಲರ್ಜಿ ಎಂದಿದ್ದ. ಆಮೇಲೆ ಮತ್ತೆ ಮತ್ತೆ ಕೇಳಿದ. ಪ್ರತಿ ಸಲವೂ ಕದ್ದು ತಿಂದವನ ಹಾಗೆ ಬಾಯಿ ಒರೆಸಿಕೊಂಡು ಕೆಳಗಿಳಿಯುತ್ತಿದ್ದ, ಕಫೆಗೆ ಹೋಗಿ ಎಲ್ಲರಿಗಿಂತ ಗಟ್ಟಿಯಾಗಿ ಉಗಿಯುತ್ತಿದ್ದ.

ಕಫೆಯಲ್ಲಿ ಉಗಿಯುವುದಕ್ಕೆ ಮಿಲೂದನೇ ಮೇಟಿ. ಪುರಸಭೆಯಲ್ಲಿ ಜನನ ಮರಣ ಬರೆದುಕೊಳ್ಳುವ ಗುಮಾಸ್ತ. ಅದರಿಂದಲೋ ಏನೋ ಯಾರು ಇದ್ದಾರೆ ಯಾರು ಇಲ್ಲ ಎಂಬ ವಿಷಯದಲ್ಲಿ ಅವನ ಮಾತೇ ಕಡೆಯದು. ಕಳೆದ ಶುಕ್ರವಾರ ಅವರವರ ಮನೆಯಲ್ಲಿ ರವೆಯ ಕುಸ್‌ಕುಸ್ ಉಂಡು, ಹೊಟ್ಟೆಭಾರಕ್ಕೆ ಹಾಲು ಕಾಫಿ ಅರ್ಧರ್ಧ ಬೆರೆಸಿದ ಲೋಟ ಹಿಡಿದು ಎಲ್ಲರೂ ಕೂತಿದ್ದರು.

"ಅವನು ಸತ್ತ," ಎಂದಿದ್ದ ಮಿಲೂದ್. "ನಾನು ಬರ್ಕೊಳ್ಳೋದೊಂದು ಬಾಕಿ."

"ಸತ್ತಿಲ್ಲ ಮಾರಾಯ, ವಯಸ್ಸಾಯ್ತು," ಎಂದ ರಹಾಲ್. ಫೋನು ರಿಪೇರಿಯವನು, ದಿನವಿಡೀ ಭೂತಗನ್ನಡಿಯಲ್ಲಿ ಬಗ್ಗಿ ನೋಡಿ ಅವನ ಕಣ್ಣಿಗೆ ಒಂದು ಬಗೆಯ ತಾಳ್ಮೆ ಬಂದುಬಿಟ್ಟಿತ್ತು. "ನಿನ್ನ ಹೊಟ್ಟೆ ನೋಡ್ಕೋ. ಆಗಿನ ಪ್ಯಾಂಟು ಈಗ ಮಂಡಿ ದಾಟುತ್ತಾ?"

"ನನ್ನ ಹೊಟ್ಟೆ ನೋಡೋಕೆ ನಾನು ಟಿಕೆಟ್ ಮಾರ್ತಿಲ್ಲ."

"ದನಿ ಕೇಳುತ್ತಲ್ಲೋ ಈಗ! ಆಗ ಏನು ಕೇಳ್ತಿತ್ತು? ಹಳೇ ಹಾಡಲ್ಲಿ ಒಂದು ಚರಣ ಪೂರ್ತಿ ಹೇಳು ನೋಡಣ."

"ಅದು ಇದ್ದದ್ದು ಹೇಳೋಕಲ್ಲಯ್ಯ, ಕೂಗೋಕೆ. ಗಂಟಲು ಹೋಯ್ತು, ಅದಕ್ಕೆ ಹೊಸ ಶೈಲಿ ಅಂತ ಹೆಸರಿಟ್ಟ. ನಾಳೆ ಹಲ್ಲು ಬಿದ್ರೆ ಅದಕ್ಕೂ ಒಂದು ಆಲ್ಬಮ್ ತರ್ತಾನೆ. ನೀವು ಹೋಗಿ, ಕುರ್ಚೀಲಿ ಕೂತು, ಕಾಲ ಮೇಲೆ ಕಾಲು ಹಾಕ್ಕೊಂಡು ಆಹಾ ಅನ್ನಿ." ಮಿಲೂದ್ ಸೂರ್ಯಕಾಂತಿ ಬೀಜದ ಸಿಪ್ಪೆಯನ್ನು ಉಗುಳಿ, ಮೇಜಿನ ಸುತ್ತ ಒಂದೊಂದೇ ಮುಖವನ್ನು ನೋಡಿದ. "ನಿಮ್ಮಲ್ಲೇ ಯಾರೋ ಇದನ್ನ ಕದ್ದು ಕೇಳ್ತಿದೀರಿ. ನಂಗೆ ವಾಸನೆ ಹೊಡೀತಿದೆ."

ಆ ನೋಟ ರಹಾಲನನ್ನು ದಾಟಿ ತನ್ನ ಕಡೆಗೆ ಬರುವಷ್ಟರಲ್ಲಿ ಬುಶ್ತಾನ ಬಾಯಿ ತಾನಾಗಿ ತೆರೆದುಕೊಂಡಿತು. "ಜವಾಬು ಕೊಡಬಾರದು," ಎಂದ.

"ಏನಂದೆ?"

"ಕೇಳ್ತಾನಲ್ಲ, ಬಾಗಿಲು ಯಾರದು ಅಂತ. ಕೇಳ್ಲಿ. ನಾವೆಲ್ಲ ಹೋಗಿ ಒಂದೇ ಸಾಲಲ್ಲಿ ಕೂರಣ, ಒಬ್ನೂ ಬಾಯಿ ಬಿಡಬಾರದು. ಜವಾಬು ಎತ್ತೋರು ನಾವೇ ತಾನೆ? ನಾವು ಎತ್ತದೆ ಈಗ ಕೇಳೋಕೆ ಬರೋ ಅತ್ತೆಯರೂ ಸೊಸೆಯರೂ ಎತ್ತುತ್ತಾರಾ? ಗಿಟಾರಿನ ಗಲಾಟೆಯೂ ಇಲ್ಲ, ಡೋಲೂ ಇಲ್ಲ. ಆ ಮೌನ ಅವನಿಗೆ ಚೆನ್ನಾಗಿ ಕೇಳುತ್ತೆ."

ಮಿಲೂದ್ ಕುರ್ಚಿ ಸರಿಸಿ ಎದ್ದು ಬಂದು ಅವನ ನೆತ್ತಿಗೆ ಮುತ್ತಿಟ್ಟ, ಹಿರಿಯರಿಗೆ ಇಡುವ ಹಾಗೆ. ಮೇಜು ಗುದ್ದಿದರು. ಯಾರೋ ಎರಡನೆಯ ಸುತ್ತಿನ ಕಾಫಿ ಹೇಳಿದರು. ರಹಾಲ್ ಮಾತ್ರ ಲೋಟದ ತಳದ ಸಕ್ಕರೆಯನ್ನು ಚಮಚದಿಂದ ಕೆರೆಯುತ್ತ, "ಪಾಪ ಕಣ್ರೋ," ಎಂದ. ಪಾಪ ಎಂಬ ಮಾತು ಆ ಮೇಜಿನ ಮೇಲೆ ಸಿಪ್ಪೆಗಳ ಜೊತೆ ಬಿದ್ದುಕೊಂಡಿತು.

ಅಂದಿನಿಂದ ಬುಶ್ತಾನಿಗೆ ಅನ್ನ ರುಚಿಸಿಲ್ಲ ಎಂದರೆ ಸುಳ್ಳಾದೀತು, ಚೆನ್ನಾಗಿಯೇ ಉಂಡ. ತನ್ನ ಒಂದು ಮಾತಿನಿಂದ ಇಡೀ ಸಾಲು ಬಾಯಿಗೆ ಬೀಗ ಹಾಕಿಕೊಳ್ಳುತ್ತದೆಂಬುದರ ರುಚಿಯೇ ಬೇರೆ. ಆದರೆ ರಾತ್ರಿ ಮಗ್ಗುಲು ಬದಲಿಸುವಾಗ ಮುಕ್ಕಾಲಿಯ ಮೇಲಿನ ಮನುಷ್ಯ ಕಾಣುತ್ತಿದ್ದ: ಪ್ರಶ್ನೆ ಕೇಳಿ, ಕಿವಿಗೊಟ್ಟು, ಕತ್ತಲೆಯನ್ನು ನೋಡುತ್ತ ಕೂತವನು. ಆ ಚಿತ್ರ ಸುಖ ಕೊಡಬೇಕಾಗಿತ್ತು. ಅರ್ಧ ಕೊಡುತ್ತಲೂ ಇತ್ತು.

ಹಳೆಯ ಸಿನಿಮಾ ಮಂದಿರವನ್ನು ಕೆರೆದು ಬಳಿದು ಸಭಾಂಗಣ ಮಾಡಿದ್ದರು. ಬಾಗಿಲಲ್ಲಿ ಫೋನುಗಳನ್ನು ಬಟ್ಟೆಚೀಲಕ್ಕೆ ಹಾಕಿ ಬೀಗ ಒತ್ತಿ ಕೊಡುತ್ತಿದ್ದರು. ಅನ್ವರ್‌ನ ಈ ಬಗೆಯ ಕಛೇರಿಗಳಲ್ಲಿ ಇದೇ ಮೊದಲನೆಯದು. ಒಳಗಿನ ಸದ್ದು ಒಳಗೇ ಇರಬೇಕಂತೆ. "ಹೆರಿಗೆ ಮನೆ ನೋಡು," ಎಂದ ಮಿಲೂದ್. ಕೆಂಪು ಮಖಮಲ್ಲಿನ ಕುರ್ಚಿಗಳು. ಹಳೇ ಅಭಿಮಾನಿಗಳು ನಡುವಿನ ಒಂದು ಸಾಲನ್ನು ಪೂರ್ತಿ ಹಿಡಿದಿದ್ದರು. ಬಣ್ಣ ಹೋದ ಕರಿ ಅಂಗಿಗಳ ಮೇಲೆ ಅನ್ವರ್‌ನ ಹಳೆಯ ಮುಖ, ಹೊಟ್ಟೆಗಳು ಬೆಳೆದದ್ದರಿಂದ ಅಡ್ಡಡ್ಡ ಎಳೆದುಕೊಂಡು, ಒಬ್ಬೊಬ್ಬನ ಎದೆಯಲ್ಲಿ ಒಂದೊಂದು ಬಗೆಯಲ್ಲಿ ಉಬ್ಬಸಪಡುತ್ತಿತ್ತು. ಅವರ ಮುಂದಿನ ಸಾಲಿನಲ್ಲಿ, ಬುಶ್ತಾನ ಮುಂದೆಯೇ, ಸುವಾಸನೆಯ ರುಮಾಲು ಕಟ್ಟಿದ ಒಂದು ತಲೆ. ಅದು ತಿರುಗಿತು.

"ಮಾಸ್ತರೇ! ಬೆಳಿಗ್ಗೆ ಹೇಳ್ಲೇ ಇಲ್ಲ! ನೀವೂ ಇವನ ಹಾಡು ಕೇಳ್ತೀರಾ?" ಲಲ್ಲಾ ತಾಹ್ರಾ ಮಡಿಲಿನ ಡಬ್ಬಿ ತೆರೆದು ಬಾದಾಮಿ ಬಿಸ್ಕತ್ತು ಚಾಚಿದರು. "ತಗೊಳ್ಳಿ, ನಿಮ್ಮ ಸ್ನೇಹಿತ್ರಿಗೂ ಕೊಡಿ. ಬೆಲ್ಲದ ಹಾಗೆ ಕರಗುತ್ತೆ."

"ಯಾರೋ ಇದು, ನಿಮ್ಮತ್ತೇನಾ?" ಎಂದು ಮಿಲೂದ್ ಕಿವಿಯಲ್ಲಿ ಉಸುರಿದ, ಆಕೆಗೂ ಕೇಳುವಷ್ಟು ಮೆತ್ತಗೆ.

"ಗಿರಾಕಿ," ಎಂದ ಬುಶ್ತಾ. ಬಿಸ್ಕತ್ತನ್ನು ತೆಗೆದುಕೊಂಡು, ತಿನ್ನಲೂ ಆಗದೆ ಎಸೆಯಲೂ ಆಗದೆ, ಅಂಗೈಯಲ್ಲಿ ಮುಚ್ಚಿ ಹಿಡಿದ. ಅದು ಪುಡಿಯಾಯಿತು.

ಅನ್ವರ್ ಬಂದ. ನಡೆದುಕೊಂಡು ಬಂದ, ಅವನು ವೇದಿಕೆಗೆ ನಡೆದು ಬಂದುದನ್ನು ಇವರಾರೂ ನೋಡಿರಲಿಲ್ಲ, ಯಾವಾಗಲೂ ಹಾರಿ ಬೀಳುತ್ತಿದ್ದ. ಓದುವ ಕನ್ನಡಕ ಹಾಕಿಕೊಂಡು ತಂತಿ ಬಿಗಿದ. "ಕಾಣಲ್ಲ ಕಣ್ರಪ್ಪ, ನಗಬೇಡಿ," ಎಂದ. ಅತ್ತೆಯರು ನಕ್ಕರು. ಇವರ ಸಾಲು ನಗಲಿಲ್ಲ. ಮಿಲೂದ್ ಸಾಲಿನ ಉದ್ದಕ್ಕೂ ಕಣ್ಣು ಹಾಯಿಸಿ ನೋಡಿಕೊಂಡ. ಹಾಡು ಶುರುವಾಯಿತು. ಬುಶ್ತಾನಿಗೆ ಮೊದಲು ಕೇಳಿಸಿದ್ದು ಹಾಡಲ್ಲ, ಬೆರಳು ತಂತಿಯ ಮೇಲೆ ಸರಿಯುವ ಕೀರಲು. ಆಮೇಲೆ ಹಾಡುವವನು ಉಸಿರೆಳೆದುಕೊಳ್ಳುವುದು. ಆಮೇಲೆ ತನ್ನ ಕುರ್ಚಿಯ ಸ್ಪ್ರಿಂಗು, ರಹಾಲನ ಮೂಗಿನ ಶಿಳ್ಳೆ, ತನ್ನ ಹೊಟ್ಟೆಯ ಗುರುಗುಟ್ಟು. ಇಷ್ಟು ವರ್ಷ ಈ ಹಾಡುಗಳ ಕೆಳಗೆ ಇವೆಲ್ಲ ಇದ್ದವೇ? ಅಸಹ್ಯವೆನಿಸಿತು. ದೀಪ ಹಾಕಿದೊಡನೆ ಕೋಣೆಯ ಮೂಲೆಗಳೆಲ್ಲ ಕಂಡಂತೆ. ಇದೇನು ಸಂಗೀತವೋ ವೈದ್ಯರ ಪರೀಕ್ಷೆಯೋ ಎಂದುಕೊಂಡ. ಹಾಗೆ ಅಂದುಕೊಂಡ ಮಾತು ಚೆನ್ನಾಗಿದೆ, ಆಮೇಲೆ ಮಿಲೂದನಿಗೆ ಹೇಳಬೇಕು ಎಂದು ಎತ್ತಿಟ್ಟುಕೊಂಡ. ಎತ್ತಿಟ್ಟುಕೊಳ್ಳುತ್ತಿದ್ದಾಗಲೇ ಅನ್ವರ್‌ನ ದನಿ ಆ ಮೆಟ್ಟಿಲಿನಲ್ಲಿ ಕೂತಿತು, ಮತ್ತು ಬುಶ್ತಾನ ಮೈಮೇಲೆ ಮುಳ್ಳೆದ್ದಿತು. ತೋಳಿನ ಕೂದಲನ್ನು ಯಾರೂ ನೋಡದಿರಲೆಂದು ಕೈಕಟ್ಟಿ ಕೂತ. ಮಿಲೂದನಿಗೆ ಆ ಕೈಕಟ್ಟು ಇಷ್ಟವಾಗಿ ತಾನೂ ಕೈಕಟ್ಟಿದ. ಒಬ್ಬರಾದ ಮೇಲೊಬ್ಬರಂತೆ ಇಡೀ ಸಾಲು ಕೈಕಟ್ಟಿತು.

'ಉಪ್ಪಿನ ಬೀದಿ' ಬಂತು. ಗುರುತು ಸಿಕ್ಕದಷ್ಟು ನಿಧಾನ. ಮೊದಲನೆಯ ಚರಣದಲ್ಲಿ ಒಬ್ಬ ಮುದುಕಿ ಉಪ್ಪು ಮಾರಲು ಬರುತ್ತಾಳೆ ಎಂದು ಬುಶ್ತಾನಿಗೆ ಈಗ ಗೊತ್ತಾಯಿತು. ಎರಡನೆಯ ಚರಣದಲ್ಲಿ ಅವಳನ್ನು ಯಾರೂ ಒಳಗೆ ಕರೆಯುವುದಿಲ್ಲ. ಮೂರನೆಯ ಚರಣ. ಸಾಲಿನ ಉದ್ದಕ್ಕೂ ಬೆನ್ನುಗಳು ನೆಟ್ಟಗಾದವು, ತುಟಿಗಳು ಬಿಗಿದವು. ಉಸಿರು ಕೂಡ ಒಟ್ಟಿಗೇ ನಿಂತಿತು. ಬಾಯಿ ಮುಚ್ಚಿಕೊಳ್ಳುವುದಕ್ಕೆ ಇಷ್ಟೊಂದು ಮಂದಿ ಇಷ್ಟೊಂದು ಸಿದ್ಧತೆ ಮಾಡಿಕೊಂಡದ್ದು ಲೋಕದಲ್ಲಿ ಅಪರೂಪವೇ ಇರಬೇಕು. ಅನ್ವರ್ ಕಣ್ಣು ಮುಚ್ಚಿ, ತನ್ನನ್ನೇ ಕೇಳಿಕೊಳ್ಳುವವನಂತೆ, "ಈ ಬಾಗಿಲು ಯಾರದೋ," ಎಂದ.

ನಿಲ್ಲಲಿಲ್ಲ. ಗಿಟಾರು ನಿಲ್ಲಲಿಲ್ಲ, ಅವನು ಕತ್ತೆತ್ತಲಿಲ್ಲ, ಒಂದು ಉಸಿರಿನ ಜಾಗವೂ ಬಿಡದೆ ಪ್ರಶ್ನೆಯಿಂದ ನಾಲ್ಕನೆಯ ಚರಣಕ್ಕೆ ದಾಟಿಬಿಟ್ಟ. ಅವನು ಜವಾಬು ಕೇಳಲೇ ಇಲ್ಲ. ಕೊಡುವುದಿಲ್ಲವೆಂದು ಹಲ್ಲು ಕಚ್ಚಿ ಕೂತ ಸಾಲು, ಬೇಡುವವನೇ ಬಾರದ ಬಾಗಿಲಲ್ಲಿ ಚಿಲಕ ಒತ್ತಿ ಹಿಡಿದಿತ್ತು.

ಬುಶ್ತಾನ ಎದೆಯಲ್ಲಿ ಏನಾಯಿತೋ ಅವನಿಗೆ ತಿಳಿಯಲಿಲ್ಲ. ಅಷ್ಟು ವರ್ಷದ ಅಭ್ಯಾಸದಿಂದ ಅಲ್ಲಿ ತುಂಬಿಕೊಂಡಿದ್ದ ಗಾಳಿ ಹೊರಕ್ಕೆ ಬಂತು. "ತ..." ಎಂದ. ಮಾತೂ ಅಲ್ಲ, ಕೆಮ್ಮೂ ಅಲ್ಲ. ಹಳೆಯ ಅಂಗಳದಲ್ಲಾಗಿದ್ದರೆ ಸೊಳ್ಳೆಯೂ ಕೇಳುತ್ತಿರಲಿಲ್ಲ. ಇಲ್ಲಿ ಅದು ತಟ್ಟೆ ಬಿದ್ದ ಹಾಗೆ ಬಿತ್ತು. ಅನ್ವರ್‌ನ ಬೆರಳು ನಿಂತಿತು.

"ಓಹೋ," ಎಂದ, ಕನ್ನಡಕದ ಮೇಲಿಂದ ನೋಡುತ್ತ. "ಹಳೇ ಮನೆಯೋರು ಯಾರೋ ಬಂದಿದಾರೆ. ತಪ್ಪಾಯ್ತು ಅಣ್ಣ, ನಿನಗೆ ಜಾಗ ಬಿಡೋದು ಮರೆತೆ. ತಡಿ, ಇನ್ನೊಂದ್ಸಲ ಬರ್ತೀನಿ." ಸಭೆ ಮೆತ್ತಗೆ, ಪ್ರೀತಿಯಿಂದ ನಕ್ಕಿತು. ಮೂರನೆಯ ಚರಣವನ್ನು ಅವನು ಮೊದಲಿನಿಂದ ಎತ್ತಿಕೊಂಡ. ಪ್ರಶ್ನೆಗೆ ಬಂದ. ಗಿಟಾರಿನ ಮೇಲೆ ಅಂಗೈ ಇಟ್ಟು ತಂತಿಗಳನ್ನು ಸುಮ್ಮನಾಗಿಸಿ, ಬುಶ್ತಾನ ಕಡೆಗೆ ತಿರುಗಿ, ಅವನೊಬ್ಬನಿಗೇ ಕೇಳಿದ: "ಈ ಬಾಗಿಲು ಯಾರದೋ?"

ಮತ್ತು ಕಾದ.

ಈಗ ಹೇಳಬೇಕೆಂದು ಬುಶ್ತಾನಿಗೆ ಅನ್ನಿಸಿತು; ಹೇಳಬೇಕೆಂದಲ್ಲ, ಹೇಳದೆ ಇರಲಾರೆನೆಂದು. ಮಿಲೂದ್ ಹಾಳಾಗಲಿ, ಸಾಲು ಹಾಳಾಗಲಿ. ಬಾಯಿ ತೆರೆದ. ಒಳಗೆ ಹುಡುಕಿದ. ಮಾತು ಗೊತ್ತಿತ್ತು, ಅಕ್ಷರ ಅಕ್ಷರ ಗೊತ್ತಿತ್ತು. ಆದರೆ ಅದನ್ನು ಯಾವ ಸ್ವರದಲ್ಲಿ ಎತ್ತಬೇಕು, ತನ್ನ ದನಿ ಎಲ್ಲಿಂದ ಹೊರಡುತ್ತದೆ, ಅದು ದಪ್ಪವೋ ಸಣ್ಣವೋ, ಒಂದೂ ತಿಳಿಯಲಿಲ್ಲ. ಕತ್ತಲೆಯಲ್ಲಿ ಪರರ ಮನೆಯ ಗೋಡೆ ತಡವಿದ ಹಾಗೆ ತನ್ನ ಗಂಟಲನ್ನು ತಾನೇ ತಡವಿದ. ಇನ್ನೂರು ಮುಖಗಳು ತಿರುಗಿದ್ದವು. ಲಲ್ಲಾ ತಾಹ್ರಾ ಮಗುವಿಗೆ ಮೊದಲ ಹೆಜ್ಜೆ ಇಡಿಸುವವರ ಹಾಗೆ ತಲೆಯಾಡಿಸುತ್ತಿದ್ದರು. ಅನ್ವರ್ ಆತುರವಿಲ್ಲದೆ, ಅಂಗೈ ತಂತಿಯ ಮೇಲೆಯೇ ಇಟ್ಟುಕೊಂಡು, ಹುಬ್ಬೇರಿಸಿ ಕಾದ. ಆ ಕಾಯುವಿಕೆಯಲ್ಲಿ ಸ್ವಲ್ಪವಾದರೂ ಗೇಲಿ ಇದ್ದಿದ್ದರೆ ಬುಶ್ತಾ ಬದುಕಿಕೊಳ್ಳುತ್ತಿದ್ದ. ಇರಲಿಲ್ಲ. ಬಾಯಿ ಹಾಗೆಯೇ ಮುಚ್ಚಿಕೊಂಡಿತು.

"ಸರಿ ಬಿಡಣ್ಣ," ಎಂದ ಅನ್ವರ್ ಕೊನೆಗೆ, ಮೆಲ್ಲಗೆ, ಮತ್ತು ನಾಲ್ಕನೆಯ ಚರಣ ಹಾಡಿದ.

ಹೊರಗೆ ಇನ್ನೂ ಬೆಳಕಿತ್ತು. ಬಸವನಹುಳುವಿನ ಸಾರು ಮಾರುವವನ ಗಾಡಿಯ ಸುತ್ತ ಇಡೀ ಸಾಲು ಬುಶ್ತಾನನ್ನು ಮುತ್ತಿಕೊಂಡಿತು. ಮಿಲೂದ್ ಅವನ ಕತ್ತನ್ನು ಬಗಲಿಗೆ ಒತ್ತಿ ಹಿಡಿದಿದ್ದ.

"ಏನು ಆಟ ಆಡಿಸಿದ್ಯೋ, ಸೈತಾನ! ಒಂದು ಕೆಮ್ಮಲ್ಲಿ ಹಾಡು ನಿಲ್ಸಿದೆ. ಬೇಡಿಸಿದೆ. ತಪ್ಪಾಯ್ತು ಅಂತ ಅವನ ಬಾಯಲ್ಲೇ ಹೇಳಿಸಿದೆ. ಆಮೇಲೆ ಕೊಡಲಿಲ್ಲ! ಕೊಡಲೇ ಇಲ್ಲ! ನಾನಾಗಿದ್ರೆ ಕರಗಿಬಿಡ್ತಿದ್ದೆ ಕಣೋ. ಎದೆಯಲ್ಲ ಇದು, ಬಂದರಿನ ಕಲ್ಲು."

ಬುಶ್ತಾ ಅವನ ಬಗಲಿನಲ್ಲಿ ಉಸಿರಾಡಿದ. ಹಾಗಾದರೆ ಅದು ಹಾಗೆ ಕಂಡಿತೇ? ಮಿಲೂದನ ಬೆವರಿನ ಆಚೆ, ರಹಾಲ್ ಒಬ್ಬನೇ ನಿಂತು ಕಡ್ಡಿಯಿಂದ ಹುಳು ಚುಚ್ಚಿ ತೆಗೆಯುತ್ತ ಇವನನ್ನೇ ನೋಡುತ್ತಿದ್ದ. ಸೊಸೆಯ ತೋಳು ಹಿಡಿದು ಲಲ್ಲಾ ತಾಹ್ರಾ ಜನವನ್ನು ಬಿಡಿಸಿಕೊಂಡು ಬಂದರು.

"ಮಾಸ್ತರೆ, ಒಂದು ಮಾತು ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಅಷ್ಟು ಹೊತ್ತು ಕಾದ, ಪಾಪ."

ಬರಲಿಲ್ಲ, ಲಲ್ಲಾ. ಅಷ್ಟೇ ಹೇಳಬೇಕಾಗಿದ್ದುದು. ಆಕೆಗೆ ಅರ್ಥವಾಗುತ್ತಿತ್ತು, ಕ್ಲಚ್ಚೂ ಗೇರೂ ಕೂಡಿ ಬಾರದೆ ನಡುರಸ್ತೆಯಲ್ಲಿ ನಿಂತವರು, ಬರಲಿಲ್ಲ ಎಂದರೆ ಏನೆಂದು ಬಲ್ಲವರು. ಬುಶ್ತಾ ಆಕೆಯ ಮುಖ ನೋಡಿದ. ಮಿಲೂದನ ತೋಳು ಕತ್ತಿನ ಮೇಲೆ ಬೆಚ್ಚಗಿತ್ತು, ಸುತ್ತಲೂ ಮುಖಗಳು ಅವನ ಬಾಯಿಯಿಂದ ಇನ್ನೊಂದು ಮುತ್ತು ಉದುರಲೆಂದು ಕಾಯುತ್ತಿದ್ದವು.

"ಟೊಮೇಟೊ ಹೆಚ್ಚೋರಿಗೆ ಹಾಡ್ತಾನಲ್ಲ," ಎಂದ, "ಅವರನ್ನೇ ಕೇಳ್ಲಿ."

ನಗೆ ಸಿಡಿಯಿತು. ಸಾರಿನವನೂ ನಕ್ಕ. ಲಲ್ಲಾ ತಾಹ್ರಾ ನಗುವವರನ್ನೆಲ್ಲ ಒಮ್ಮೆ ನೋಡಿ, ಬೆಳಿಗ್ಗೆ ಕಾರಿನಲ್ಲಿ ಆಡಿದ ತಮ್ಮ ಮಾತು ಇಲ್ಲಿಗೆ ಹೇಗೆ ಬಂತೆಂದು ಯೋಚಿಸುವವರ ಹಾಗೆ ತುಸು ಹೊತ್ತು ನಿಂತರು. "ಸೋಮವಾರ ನಾನು ಬರಲ್ಲ, ಮಾಸ್ತರೆ," ಎಂದರು. ಸೊಸೆ ಅವರನ್ನು ಟ್ರಾಮಿನ ಕಡೆಗೆ ನಡೆಸಿಕೊಂಡು ಹೋದಳು.

"ಹೋಗ್ಲಿ ಬಿಡು, ಇನ್ನೊಬ್ಬ ಗಿರಾಕಿ ಬರ್ತಾಳೆ," ಎಂದು ಮಿಲೂದ್ ಗಾಡಿಯ ಪಕ್ಕದ ಕಟ್ಟೆಯ ಮೇಲೆ ಹತ್ತಿ ನಿಂತ. "ಬನ್ರೋ, ಅವನಿಗೆ ಕೊಡದ್ದನ್ನ ನಾವೇ ತಿನ್ನಣ! ಈ ಬಾಗಿಲು ಯಾರದೋ?"

"ತಟ್ಟಿದವರದೋ!" ಎಂದು ಸಾಲು ಬೀದಿಗೆಲ್ಲ ಕೇಳುವಂತೆ ಅರಚಿತು. ಕಿಟಕಿಗಳು ತೆರೆದವು. ಟ್ಯಾಕ್ಸಿಯೊಂದು ಹಾರನ್ನು ಒತ್ತಿ ತಾನೂ ಸೇರಿಕೊಂಡಿತು. "ಯಾರದೋ?" "ತಟ್ಟಿದವರದೋ!" ಕುಣಿಯುವ ಹೊಟ್ಟೆಗಳು, ಉಬ್ಬಿದ ಕತ್ತಿನ ನರಗಳು. ಬುಶ್ತಾ ಎಲ್ಲರ ನಡುವೆ ಕೈಯೆತ್ತಿ, ಬಾಯಿ ಅಗಲಿಸಿ, ತುಟಿಗಳನ್ನು ಮಾತಿಗೆ ಸರಿಯಾಗಿ ಆಡಿಸಿದ. ದನಿ ಹೊರಡಲಿಲ್ಲ, ಹೊರಡಬೇಕಾದ ಅಗತ್ಯವೂ ಇರಲಿಲ್ಲ. ಅಕ್ಕಪಕ್ಕದವರ ಕೂಗು ಅವನ ಬಾಯಿಯೊಳಗೆ ನುಗ್ಗಿ, ಪಕ್ಕೆಲುಬುಗಳನ್ನು ನಡುಗಿಸಿ, ಅವನದೇ ಎಂಬಂತೆ ಹೊರಗೆ ಹೋಗುತ್ತಿತ್ತು. ಮಿಲೂದ್ ಮೇಲಿಂದ ಅವನ ಕಡೆಗೆ ಬೆರಳು ಮಾಡಿ, ಕೇಳಿತೆಂಬಂತೆ ಕಣ್ಣು ಹೊಡೆದ. ಬುಶ್ತಾ ತುಟಿಯಾಡಿಸುತ್ತ ಆ ಹಳೆಯ ಅಂಗಳವನ್ನು, ಕೊಕ್ಕೆಗಳನ್ನು, ನೆಲಕ್ಕೆ ತಾಗದ ತನ್ನ ಕಾಲುಗಳನ್ನು ನೆನೆಸಿಕೊಂಡ. ಗಂಟಲಿನಲ್ಲಿ ಆಗ ಹೇಗಿರುತ್ತಿತ್ತೆಂದು ನೆನೆಸಿಕೊಂಡ. ಹೀಗೆಯೇ ಇರುತ್ತಿತ್ತು. ಏನೂ ವ್ಯತ್ಯಾಸವಿರಲಿಲ್ಲ.